ಎರಡಿಂಚು ಬಿಟ್ಟ ಅಳತಿ

ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಯಲಬುರ್ಗಾ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನಮ್ಮ ಓಣಿಯ ಟೇಲರ್ ಜುಬೇದಾಬಿ, ಕೊರಳಲ್ಲಿ ಟೇಪು ಹಾಗೇ ಇತ್ತು. ಜೊತೆಗೆ ಅವರ ಮಗಳು ಅಂಜುಮಳ ಗೆಳತಿ, ಮೈತುಂಬಿದ ಸುರೇಖಾ. ತೋಳು, ಕಾಲಿನ ನಡುವೆ ರೆಕ್ಕೆ ಹೊಲಿದ ವಿಂಗ್‌ಸೂಟ್ ತೊಟ್ಟು ವಿಮಾನದಿಂದ ಜಿಗಿಯುವವರ ಮಾತು ನಡೆದಿತ್ತು.

“ನಾ ದಪ್ಪ ಅದೀನಿ ಅಂದ್ರ ಅಂಜುಮ ನಕ್ಕಳ್ರಿ. ತೂಕದವರು ಜಲ್ದಿ ಇಳೀತಾರ, ಅವರಿಗೆ ದೊಡ್ಡ ರೆಕ್ಕಿ ಹೊಲೀತಾರ, ಅಷ್ಟ. ಮೊದಲ ಪ್ಯಾರಾಚೂಟ್ ಕಲಿ, ಬಾ ಅಂದ್ಳು.”

“ನನ್ನ ಮಗಳು ಕಡ್ಡಿಯಂಗ ಅದಾಳ. ಅಕಿಗೆ?”

“ಸಣ್ಣ ರೆಕ್ಕಿ ಸಾಕ್ರಿ. ಆದ್ರ ಸೂಟು ಮೈಗೆ ಸರಿಯಾಗಿ ಕುಂದರಬೇಕಂತ. ಸಡಿಲಿದ್ರ ಗಾಳ್ಯಾಗ ಗಿರಗಿರ ತಿರುಗತಾರಂತ. ಪ್ಯಾರಾಚೂಟಿನ ಹಿಡಿ ಕೈಗೆ ಸಿಗಂಗಿಲ್ಲಂತ.”

ಜುಬೇದಾಬಿ ಟೇಪನ್ನು ಕೊರಳಿಂದ ತೆಗೆದರು.

“ಅಕಿ ಊರಿಗೆ ಬಂದಾಗ ಸೂಟಿನ ಅಳತಿ ತಗೊಂಡು ನಾನ ಬರದು ಕಳಿಸೀನವ್ವ.”

“ನಿಮಗಿಂತ ಛಲೋ ಯಾರು ಬರೀತಾರ್ರಿ?”

“ಎಲ್ಲಾ ಕಡೆ ಎರಡಿಂಚು ಬಿಟ್ಟೀನಿ. ಸಾಲಿ ಅಂಗಿಗೂ ಹಂಗ ಬಿಡ್ತಿದ್ದೆ. ಮೈ ತುಂಬಿದ್ರೂ ನಾಕು ವರ್ಷ ಬರ್ಲಿ ಅಂತ.”

“ಫೋನ್ ಹಚ್ಚರಿ.”

“ಆಗಿಂದ ಹಚ್ಚಾಕತ್ತೀನಿ, ಎತ್ತವಲ್ಲಳು. ಇವತ್ತ ನಮ್ಮ ಟೈಮು ಮೂರಕ್ಕ ಅಲ್ಲಿ ದುಬೈದಾಗ ಹೊಸಾ ಸೂಟ್ ಹಾಕ್ಕೊಂಡು ಜಿಗೀತಾಳ.”

“ಮೂರಾಗಾಕ ಬಂತ್ರಿ.”

ಕುಷ್ಟಗಿ ಬಸ್ಸು ಬಂತು. ಇಬ್ಬರೂ ಎದ್ದರು. ಸುರೇಖಾ ಮೆಟ್ಟಿಲ ಮೇಲೆ ನಿಂತು ಹಿಂದಕ್ಕೆ ತಿರುಗಿದಳು.

“ಮುಂದಿನ ನನ್ನ ಸೂಟಿನ ಅಳತೀನೂ ನೀವ ಕಳಿಸೀರಿ. ಅದಕ್ಕೂ ಎರಡಿಂಚು ಬಿಟ್ಟೀರೇನ್ರಿ?”

“ಇಲ್ಲವ್ವ. ಮಂದಿ ಮಕ್ಕಳದು ಇದ್ದಷ್ಟ ಬರದೀನಿ.”