ನೆಲಕ್ಕಂಟಿದ ಹೂವು

ಅಪರಿಚಿತರೆದುರು ಗಂಟಲು ಕಟ್ಟುತ್ತದೆಂಬ ಚಿಂತೆಯನ್ನು ವಿಯಾಮ್ ಆ ಬೆಳಿಗ್ಗೆಯೂ ಡೈರಿಯಲ್ಲಿ ಬರೆದಿದ್ದಳು. ಸಸ್ಯಶಾಸ್ತ್ರ ಓದಿಯೂ ಮೌಖಿಕ ಪರೀಕ್ಷೆಯಲ್ಲಿ ಮೂಕಿಯಾದವಳು ಅವಳು. ಈಗ ಸೆಫ್ರೂ ಪಟ್ಟಣದ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತು ಕಿವಿಗೆ ಬೀಳುತ್ತಿತ್ತು.

"ಚೀಲದಲ್ಲಿ ಏನೇ ಅದು?" ಹಿರಿಯವಳು ಕೇಳಿದಳು.

"ಅಡುಗೆಗೆ ಹಾಕ್ತಾರಲ್ಲ, ಆ ಖುರ್ಶೆಫ್ ಮುಳ್ಳುಗಿಡದ ಬೇರು, ಚಿಕ್ಕಮ್ಮ. ಗುಡ್ಡದಲ್ಲಿ ನಾನೇ ಅಗೆದೆ."

"ಪೇಟೇಲಿ ಬೆಳೆದೋಳು, ನಿಂಗೆ ಗುರುತು ಸಿಕ್ತಾ?"

"ಎಲೆ ತುಂಬ ಅದೇ ಮುಳ್ಳು. ಕಾಂಡ ಮಾತ್ರ ಇರ್ಲಿಲ್ಲ. ಗುಲಾಬಿ ಬಣ್ಣದ ಹೂವು ನೆಲಕ್ಕೇ ಅಂಟ್ಕೊಂಡಿತ್ತು. ಯಾರನ್ನೋ ಹೂತು ಮುಖ ಮಾತ್ರ ಹೊರಗೆ ಬಿಟ್ಟ ಹಾಗೆ."

"ಥೂ, ಹೆದರಿಸ್ಬೇಡ ಕಣೇ! ನಾನೂ ಪೇಟೆಯೋಳೇ, ಗಿಡಗಿಡ ಗುರುತು ನಂಗೂ ಇಲ್ಲ."

"ಆಡುಗಳೂ ಅದನ್ನ ಬಳಸ್ಕೊಂಡೇ ಹೋದ್ವು. ಬೇರು ಕಡಿದ್ರೆ ಒಳ್ಳೆ ಘಮ. ನಾಲಿಗೆ ತಾಗಿಸಿದೆ, ಸಿಹಿ."

"ನಿಮ್ಮತ್ತೆ ಮಾತಿಗಿಂತಲೂ?"

"ಅವರ ಮಾತಿಗಿಂತ ಮುಳ್ಳೇ ಸಿಹಿ, ಬಿಡಿ."

ಇಬ್ಬರೂ ನಕ್ಕರು. ಕಾಂಡವಿಲ್ಲದೆ ನೆಲಕ್ಕಂಟಿದ ಆ ಹೂವಿನ ಬಗ್ಗೆ ವಿಯಾಮ್ ಓದಿದ್ದಳು. ಆ ಸಿಹಿ ಬೇರು ತಿಂದವರು ಒಂದು ಹಗಲು ಹಾಯಾಗಿ ಓಡಾಡಿಕೊಂಡಿದ್ದು, ಆಮೇಲೆ ಹಾಸಿಗೆ ಹಿಡಿಯುತ್ತಾರೆ.

"ಮಕ್ಕಳಿಗೆ ಕೊಟ್ಯಾ?" ಚಿಕ್ಕಮ್ಮ ಕೇಳಿದಳು.

"ಇನ್ನೂ ಇಲ್ಲ. ಮಧ್ಯಾಹ್ನ ಬೇಯಿಸ್ತೀನಿ, ಎಲ್ಲರಿಗೂ."

ಬಸ್ಸು ನಿಂತಿತು. ಇಬ್ಬರೂ ಇಳಿದು ನಡೆಯತೊಡಗಿದರು. ವಿಯಾಮ್ ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಕೂಗಿದಳು:

"ಅಕ್ಕಾ, ಅದು ಖುರ್ಶೆಫ್ ಅಲ್ಲ, ಅದ್ದಾದ್! ತಿಂದ್ರೆ ಸಾಯ್ತಾರೆ!"