ಹೊತ್ತು ಮುಳುಗೋ ಮುಂಚಿನ ಊಟ

ಅಂಗಲ್ಲ ಕಣ್ಲಾ ಮಂಜ, ಕಾಸು ಕೊಡಬ್ಯಾಡ ಅನ್ನೋರೆಲ್ಲ ಕೆಟ್ಟೋರಲ್ಲ. ಬಸ್‌ಸ್ಟ್ಯಾಂಡಲ್ಲಿ ಮಲಗೋರಿಗೆ ದುಡ್ಡಿನ ಬದಲು ಊಟ ಕೊಡಾನ ಅಂತ ನಿನ್ ಸ್ನೇಹಿತ್ರು ಮಾತಾಡ್ಕಂಡವ್ರೆ ಅಂದ್ಯಲ್ಲ, ಒಳ್ಳೇದೇ. ನಾನೂ ಅಂಥಾ ಊಟ ಉಂಡೇ ಬದುಕಿರೋನು. ಏನ್ ಅಂಗೆ ನೋಡ್ತೀಯ, ನಿಜ. ಬೀದೀಲಿ ಮಲಗಿದ್ದೆ ನಾನು. ಹೊಳೆನರಸೀಪುರದಲ್ಲಿ, ಹಳೇ ಛತ್ರದ ಜಗಲಿ ಮ್ಯಾಲೆ. ನಿಮ್ಮಜ್ಜಿಗೆ ಗೊತ್ತಿತ್ತು, ನಿಮ್ಮಪ್ಪಂಗೆ ಹೇಳಿಲ್ಲ. ಪುಟ್ಟಿ, ಆ ಟಿವಿ ಸಣ್ಣ ಮಾಡವ್ವ. ಒಂದ್ಸಲ ಹೇಳ್ತೀನಿ, ಆಮ್ಯಾಕೆ ಕೇಳಬ್ಯಾಡಿ.

ನಮ್ದು ಅರಕಲಗೂಡು ಕಡೆ. ಅಪ್ಪ ಮೊದ್ಲೇ ಇರ್ಲಿಲ್ಲ, ಅವ್ವನೂ ಹೋದ್ಲು. ಹೊಳೆನರಸೀಪುರಕ್ಕೆ ಬಂದು ಮಂಡೀಲಿ ಮೂಟೆ ಹೊರ್ತಿದ್ದೆ. ಉಣ್ಣೋದು ಎದುರಿನ ಹೋಟ್ಲಲ್ಲಿ, ಮಲಗೋದು ಮಂಡಿ ಒಳಗೇ, ಖಾಲಿ ಚೀಲದ ಮ್ಯಾಲೆ. ಚೆನ್ನಾಗೇ ಇದ್ದೆ. ಒಂದಿನ ಮೆಣಸಿನಕಾಯಿ ಮೂಟೆ, ಅಲ್ಲ, ಮೆಣಸಿನಕಾಯಿ ಹಗುರ, ಅದು ಬೆಲ್ಲದ ಮೂಟೆ, ಗಾಡಿಯಿಂದ ಜಾರಿ ಕಾಲ್ ಮ್ಯಾಲೆ ಬಿತ್ತು. ಮೂಳೆ ಮುರೀತು. ನಾಟಿ ವೈದ್ಯನ ಹತ್ರ ಕಟ್ಟಿಸ್ಕಂಡು ಬಂದ್ರೆ, "ವಾಸಿ ಆದ್ಮೇಲೆ ಬಾರಯ್ಯ, ಆಗ ನೋಡಾನ" ಅಂದ್ರು ಸಾವ್ಕಾರ್ರು. ಕೆಲಸ ಹೋದ ದಿವ್ಸವೇ ಮಲಗೋ ಜಾಗನೂ ಹೋಯ್ತು. ನಮ್ಮಂಥೋರಿಗೆ ಎರಡೂ ಒಂದೇ ಕಣ್ಲಾ. ಕುಂಟ್ಕಂಡು ಛತ್ರಕ್ಕೆ ಬಂದೆ. ಅಲ್ಲಿ ನನ್ನಂಥೋರು ಭಾಳ ಜನ ಇದ್ರು.

ಚಂದ್ರಮ್ಮನೋರ್ನ ಅಲ್ಲೇ ನೋಡಿದ್ದು. ವಯಸ್ಸಾಗಿತ್ತು. ಬಿಳೀ ಸೀರೆ, ಒಂದೇ ಒಂದು. ಹೊಳೇಲಿ ಒಗ್ದು, ಅರ್ಧ ಉಟ್ಕಂಡು ಅರ್ಧ ಒಣಗಿಸೋರು. ಬೇಡೋ ದನಿ ಇರ್ಲಿಲ್ಲ ಅವರ್ದು. ಛತ್ರದ ಮೆಟ್ಲ ಮ್ಯಾಲೆ ಸುಮ್ಕೆ ಕುಂತಿರೋರು, ಹೋಗೋ ಬರೋರು ತಾವಾಗೇ ಕಾಸು ಹಾಕೋರು. ಮಧ್ಯಾನದ ಮ್ಯಾಲೆ ಎದ್ದು ಹೋಗಿ ಪುರಿ, ಕಡ್ಲೆ, ಎರಡು ಬಾಳೆಹಣ್ಣು ತರೋರು. ಪಡುವಣ ದಿಕ್ಕು ನೋಡ್ಕಂಡು ತಿನ್ನೋರು. ಕೈ ಬಾಯಿ ತೊಳ್ಕಂಡ್ರೆ ಮುಗೀತು, ಮಾರನೇ ದಿನ ಹೊತ್ತು ಹುಟ್ಟೋಗಂಟ ನೀರೂ ಇಲ್ಲ. ನಂಗೆ ಅದು ಗೊತ್ತಾಗಿದ್ದು ಹೆಂಗೆ ಅಂದ್ರೆ, ಒಂದಿನ ದೀಪ ಹಚ್ಚೋ ಹೊತ್ನಲ್ಲಿ ಯಾರೋ ನಂಗೆ ಕಡ್ಲೆಪುರಿ ಕೊಟ್ರು. ತಗಳವ್ವ ಅಂತ ಮುಂದೆ ಹಿಡಿದೆ.

"ಹೊತ್ತು ಹೋಗಿದೆಯಲ್ಲಪ್ಪ. ನೀನು ತಿನ್ನು."

"ಹೊತ್ತು ಹೋದ್ರೆ ಹಸಿವು ಹೋಯ್ತದಾ ಅವ್ವಾ?"

ನಕ್ರು. "ನಾವು ಜೈನರು ಕಣಪ್ಪ. ದೀಪದ ಬೆಳಕಿಗೆ ಹುಳ ಹುಪ್ಪಟೆ ಬರ್ತವೆ. ಗೊತ್ತಿಲ್ಲದೆ ಒಂದು ಜೀವ ಬಾಯಿಗೆ ಹೋಗಬಾರದು ಅಂತ. ಮದುವೆಯಾಗಿ ಬಂದಾಗಿನಿಂದ ಒಂದು ದಿನ ತಪ್ಪಿಸಿಲ್ಲ."

ಅಷ್ಟು ಹೇಳಿ ಆಮೇಲೆ ಹೆದರ್ಕಂಡ್ರು. ನನ್ ಕೈ ಹಿಡ್ಕಂಡು ಆಣೆ ಹಾಕಿಸ್ಕಂಡ್ರು, ಯಾರ್ಗೂ ಹೇಳಬ್ಯಾಡ ಅಂತ. ಚನ್ನರಾಯಪಟ್ಟಣದಲ್ಲಿ ಅವರ ಗಂಡನ ಮನೆ. ದೊಡ್ಡ ಮನೆ, ಹೆಸರಿರೋ ಮನೆ. ಗಂಡ ಹೋದ್ಮೇಲೆ ಮೈದುನನ ಹೆಂಡ್ತಿ ದಿನಾ ಒಂದೊಂದು ಮಾತು ಅಂತಿದ್ಲಂತೆ. ಒಂದಿನ ತಟ್ಟೆ ಮುಂದಿನಿಂದ ಎದ್ದು ಬಂದ್ಬುಟ್ರಂತೆ, ಯಾರ್ಗೂ ಹೇಳದೆ. "ಇಲ್ಲಿ ಕೂತಿರೋದು ಆ ಮನೆ ಸೊಸೆ ಅಂತ ಗೊತ್ತಾದರೆ ಅವರ ಮಕ್ಕಳಿಗೆ ನಾಳೆ ಹೆಣ್ಣು ಕೊಡೋರು ಯಾರಪ್ಪ? ನಾನೇ ಎತ್ತಿ ಆಡಿಸಿದ ಮಕ್ಕಳು." ಓಡಿಸಿದೋರ ಮರ್ಯಾದೆ ಕಾಯ್ತಾ ಕುಂತಿದ್ರು ಆಯಮ್ಮ, ಛತ್ರದ ಮೆಟ್ಲ ಮ್ಯಾಲೆ.

ಆಗ ಕೆಂಚ ಅಂತ ಒಬ್ಬ ಇದ್ದ, ಗಾರೆ ಕೆಲಸದೋನು, ನಮ್ ಜೊತೇಲೇ ಮಲಗ್ತಿದ್ದ. ಸಿಕ್ಕ ಕಾಸೆಲ್ಲ ಕಳ್ಳಬಟ್ಟಿಗೆ. ಕುಡಿಯಂಗಿಲ್ಲ ಅಂತ ಸರ್ಕಾರದ ಕಾನೂನಿತ್ತು, ಆದ್ರೂ ಸಿಗ್ತಿತ್ತು. ಒಂದಿನ ಪೇಟೆ ಮಧ್ಯ ರಕ್ತ ಕಾರ್ಕಂಡು ಬಿದ್ದ. ಬಟ್ಟೆ ಅಂಗಡಿ ಧರಣಪ್ಪನೋರು ತಾವೇ ಎತ್ತಿ ಗಾಡೀಲಿ ಹಾಕಿ ಆಸ್ಪತ್ರೆಗೆ ಕರ್ಕೊಂಡೋದ್ರು. ವಾಪಸ್ ಬಂದು ಪೇಟೆಯೋರ್ನೆಲ್ಲ ಸೇರಿಸಿದ್ರು. "ನಾವು ಧರ್ಮ ಅಂತ ಕೊಟ್ಟ ಕಾಸು ಅವನ ಕರುಳು ಸುಡ್ತಾ ಇದೆ. ಇನ್ನು ಯಾರೂ ಕೈಗೆ ಕಾಸು ಹಾಕಬೇಡಿ. ಒಬ್ಬೊಬ್ಬರು ಒಂದೊಂದು ಪಡಿ ಅಕ್ಕಿ, ರಾಗಿ ಕೊಡಿ, ಛತ್ರದಲ್ಲೇ ಒಲೆ ಹೂಡೋಣ. ಹೊದೆಯೋಕೆ ಕಂಬಳಿ ನಾನು ಕೊಡ್ತೀನಿ" ಅಂದ್ರು. ಎಲ್ರೂ ಒಪ್ಪಿದ್ರು. ಅಂಗಡಿ ಬಾಗ್ಲು ಹಾಕಿದ್ಮೇಲೆ ಎಲ್ರಿಗೂ ಬಿಡುವು ನೋಡು, ಬಡಿಸಾಕೆ ಜನ ಬೇಕಲ್ಲ, ಅದಕ್ಕೆ ದೀಪ ಹಚ್ಚಿದ್ಮೇಲೆ ಊಟ ಅಂತ ಆಯ್ತು. ಒಂದ್ ಹೊತ್ತು, ಹೊಟ್ಟೆ ತುಂಬ. ಅಲ್ಲೇ ಸಾಲಲ್ಲಿ ಕುಂತು ಉಣ್ಣಬೇಕು, ಕಟ್ಕಂಡು ಹೋಗಂಗಿಲ್ಲ, ಯಾಕಂದ್ರೆ ಕಟ್ಕಂಡೋಗಿ ಬಟ್ಟಿಗೆ ಬದಲಾಯಿಸ್ಕಂಡ್ರೆ ಅಂತ. ತಪ್ಪಲ್ಲ ಅದು. ಬಿಸಿ ಮುದ್ದೆ, ಹುರುಳಿ ಸಾರು. ಕೆಂಚ ಕುಡಿಯೋದು ಬಿಟ್ಟು ಮತ್ತೆ ಕರಣೆ ಹಿಡ್ದ. ನನ್ ಕಾಲಿಗೂ ಜೀವ ಬಂತು. ಪೇಟೆಯೋರು ದೇವ್ರಂಥೋರು. ಇವತ್ತೂ ಅದನ್ನೇ ಹೇಳ್ತೀನಿ.

ಚಂದ್ರಮ್ಮನೋರಿಗೆ ಮಾತ್ರ ಕಾಸೂ ಇಲ್ಲ, ಊಟನೂ ಇಲ್ಲ ಅಂಗಾಯ್ತು.

ಚಳಿಗಾಲ ಬೇರೆ. ಹೊತ್ತು ಬೇಗ ಮುಳುಗ್ತದೆ. ದಿನಾ ಸಾಲಲ್ಲಿ ಬಂದು ಕುಂತ್ಕಳೋರು, ಕುಂತ್ಕಳ್ದಿದ್ರೆ ಯಾಕೆ ಅಂತ ಕೇಳ್ತಾರಲ್ಲ. ಎಲೆ ಹಾಕೋರು, ಬಡಿಸೋರು. ಸೆರಗು ಕಣ್ಣ ಮಟ ಎಳ್ಕಂಡು ತಲೆ ಬಗ್ಗಿಸಿರೋರು. ಬಡಿಸೋರು ಆ ಕಡೆ ತಿರುಗಿದ್ರೆ ಎಲೆನ ನನ್ನ ಕಡೆ ಸರಿಸೋರು. "ಉಣ್ಣಪ್ಪ, ಮೂಳೆ ಕೂಡಬೇಕು." ಉಂಡೆ. ಏನ್ ಮಾಡ್ಲಿ, ಬಿಟ್ರೆ ಬಡಿಸೋರಿಗೆ ಗೊತ್ತಾಗ್ತದೆ. ಒಂದಿನ ಮುದ್ದೆ ಪಂಚೆ ಒಳಗೆ ಮುಚ್ಚಿಟ್ಕಂಡು ಬೆಳಿಗ್ಗೆ ಕೊಟ್ಟೆ. ಕಣ್ಣಿಗೊತ್ಕಂಡು ವಾಪಸ್ ಕೊಟ್ಬುಟ್ರು. ರಾತ್ರಿ ಮಾಡಿದ್ದು ತಿನ್ನಂಗಿಲ್ಲವಂತೆ. ಬಾಳೆಹಣ್ಣಿನ ಅಂಗಡಿಗೆ ಹೋದೆ.

"ಒಂದು ಕೊಳ್ತಿರೋದಾದ್ರೂ ಕೊಡಣ್ಣ, ಅಜ್ಜಿಗೆ."

"ಸಂಜೆ ಮೃಷ್ಟಾನ್ನ ಹೊಡೀತೀರಲ್ಲೋ, ಇನ್ನೂ ಸಾಲ್ದಾ? ನಾನೂ ಪಡಿ ಅಕ್ಕಿ ಕೊಟ್ಟಿವ್ನಿ ಕಣಯ್ಯ."

ಕೊಟ್ಟಿದ್ದ, ಸುಳ್ಳಲ್ಲ. ಬೈದೂ ಬೈದೂ ಒಂದು ಹಣ್ಣು ಎಸೆದ. ಮಾರನೇ ದಿನ ಎಸೀಲಿಲ್ಲ.

ಧರಣಪ್ಪನೋರ ಅಂಗಡಿಗೆ ಹೋದೆ. "ಸಾ, ಅಜ್ಜಿಗೆ ಒಬ್ರಿಗೆ ಹೊತ್ತಿರೋವಾಗ ಒಂದಿಷ್ಟು ಅನ್ನ ಮಾಡಿಸ್ಕೊಡಿ" ಅಂದೆ.

"ಯಾಕಯ್ಯ? ಸಂಜೆ ಬರ್ತಾರಲ್ಲ."

"ಸಂಜೆ ಸೇರಲ್ಲ ಸಾ."

"ಯಾಕೆ ಸೇರಲ್ಲ?"

ಆಣೆ ಹಾಕಿದ್ನಲ್ಲ. "ವಯಸ್ಸಾಯ್ತಲ್ಲ ಸಾ, ಅರಗಲ್ಲ" ಅಂದೆ.

"ಅಷ್ಟೇ ತಾನೆ. ಗಂಜಿ ಮಾಡಿಸ್ತೀನಿ ಬಿಡು." ಮಾಡಿಸಿದ್ರು. ಸಾಯಂಕಾಲ ತಾವೇ ಬಟ್ಲು ಹಿಡ್ಕಂಡು ಬಂದು ಅವರ ಮುಂದೆ ಇಟ್ರು. "ಕುಡೀಮ್ಮ, ನೀರಾಗಿ ಮಾಡಿಸಿದೀನಿ" ಅಂದ್ರು. ಆಯಮ್ಮ ಇನ್ನಷ್ಟು ಸೆರಗು ಎಳ್ಕಂಡ್ರು. ಧರಣಪ್ಪನೋರೂ ಜೈನರೇ. ಚನ್ನರಾಯಪಟ್ಟಣದಾಗೆ ಅವರಿಗೆ ನೆಂಟಸ್ತನ ಇತ್ತು. ಮುಖ ಕಂಡ್ರೆ ಗುರುತು ಹಿಡೀತಾರೆ ಅಂತ ಆಯಮ್ಮಂಗೆ ಭಯ. ದೀಪದ ಮುಂದೆ ಗಂಜಿ ಆರ್ತಾ ಇತ್ತು. ಅವರು ಅತ್ಲಾಗಿ ಹೋದ್ಮೇಲೆ ಬಟ್ಲು ನನ್ ಕಡೆ ಬಂತು. ನಿಮಗೆ ಗೊತ್ತಾ, ಆ ಗಂಜೀಲಿ ತುಪ್ಪ ಹಾಕಿದ್ರು. ಇವತ್ತೂ ತುಪ್ಪದ ಗಂಜಿ ನಂಗೆ ಇಳಿಯಲ್ಲ. ನಿಮ್ಮಮ್ಮ ಅದಕ್ಕೇ ಬೇಜಾರ್ ಮಾಡ್ಕತಾಳೆ, ಹುಷಾರಿಲ್ಲದಾಗ ಮಾಡಿಕೊಟ್ರೆ ಮುಟ್ಟಲ್ಲ ಅಂತ.

ಆಮೇಲೆ ಜ್ವರ ಬಂತು ಆಯಮ್ಮಂಗೆ. ಮೆಟ್ಲಿಗೆ ಬರೋದು ನಿಂತೋಯ್ತು. ಗೋಡೆಗೆ ಒರಗಿ ಬಾಯಲ್ಲಿ ಏನೋ ಮಂತ್ರ ಪಿಟಿಪಿಟಿ ಅನ್ನೋರು. ಕೈ ಹಿಡ್ಕಂಡ್ರೆ ಹಂಚಿಕಡ್ಡಿ ಹಿಡ್ದಂಗಿತ್ತು. ಒಂದಿನ ಸಾಯಂಕಾಲ, ಇನ್ನೂ ಬಿಸಿಲಿತ್ತು, "ಚಂದ್ರಮ್ಮನೋರೇ, ಹೇಳ್ಬುಡ್ತೀನಿ ನಾನು" ಅಂದೆ. ಬೇಡ ಅಂತ ತಲೆ ಆಡಿಸಿದ್ರು. ಎದ್ದು ಹೊಂಟೆ. ಅಂಗಡೀಲಿ ಇರ್ಲಿಲ್ಲ ಧರಣಪ್ಪನೋರು. ಮನೇಗೆ ಹೋಗವ್ರೆ ಅಂದ್ರು. ಕಾಲು ಎಳ್ಕಂಡು ಮನೆ ಹತ್ರ ಹೋದೆ. ಬಾಗ್ಲಲ್ಲಿ ಅವರ ಹೆಂಡ್ತಿ ನಿಂತಿದ್ರು.

"ಊಟಕ್ಕೆ ಕೂತವ್ರಪ್ಪ. ಹೊತ್ತು ಮುಳುಗೋ ಮುಂಚೆ ಮುಗಿಸಬೇಕು. ಸ್ವಲ್ಪ ಇರು."

ನಾನು ಇರ್ಲಿಲ್ಲ. ಬೀದೀಲೇ ನಿಂತ್ಕಂಡು ಕೂಗಿದೆ. "ಸಾ, ಛತ್ರದ ಅಜ್ಜಿನೂ ನಿಮ್ಮೋರೇ ಸಾ. ಹೊತ್ತು ಮುಳುಗಿದ್ಮೇಲೆ ಉಣ್ಣಲ್ಲ ಸಾ. ಕಾಸು ನಿಂತಾಗಿಂದ ಉಂಡಿಲ್ಲ."

ಒಳಗೆ ತಟ್ಟೆ ಸರಿಸಿದ ಸದ್ದಾಯ್ತು. ಆಮೇಲೆ ಬಂದ್ರು. ಕೈ ಎಂಜಲು, ತೊಳ್ದಿರ್ಲಿಲ್ಲ. ನನ್ ಮುಖ ನೋಡಿದ್ರು, ಬಿಸಿಲು ನೋಡಿದ್ರು. "ಎಲ್ಲಾ ಹಾಕು, ಬೇಗ ಹಾಕು" ಅಂತ ಹೆಂಡ್ತಿಗೆ ಹೇಳಿ, ಅನ್ನ ತೊವ್ವೆ ಪಾತ್ರೆ ತಾವೇ ಹಿಡ್ಕಂಡು ಓಡಿದ್ರು. ಪೇಟೆಯೋರೆಲ್ಲ ನೋಡ್ತಾವ್ರೆ, ಅಷ್ಟು ದೊಡ್ಡ ಮನುಷ್ಯ ಪಂಚೆ ಎತ್ಕಂಡು ಓಡ್ತಾ ಇರೋದ್ನ. ಹಿಂದೆ ನಾನು, ಕುಂಟ್ಕಂಡು. ಬಿಸಿಲು ಅಂಗಡಿ ಹೆಂಚಿನ ಮ್ಯಾಲಿತ್ತು. ಛತ್ರದ ತಿರುವಿಗೆ ಹೋಗೋಷ್ಟ್ರಲ್ಲಿ ಹೆಂಚಿನ ಮೇಲಿಂದನೂ ಹೋಯ್ತು.

ನಾನು ಹೋಗೋ ಹೊತ್ಗೆ ಧರಣಪ್ಪನೋರು ನೆಲದ ಮ್ಯಾಲೆ ಕುಂತಿದ್ರು, ಅನ್ನ ಕಲಸ್ಕಂಡು. "ಅಮ್ಮ, ಬೆಳಕಿದೆ. ಒಂದು ತುತ್ತು."

ಚಂದ್ರಮ್ಮನೋರು ಸೆರಗು ತೆಗ್ದಿದ್ರು. ಇನ್ನೇನು ಮುಚ್ಚಿಡೋದು. ಪಡುವಣ ಕಡೆ ನೋಡಿದ್ರು. "ಹೊತ್ತು ಹೋಯ್ತಲ್ಲಪ್ಪ. ನಾಳೆ ತಗೊಂಡು ಬಾ" ಅಂದ್ರು.

ನಾನು, "ಬಲವಂತ ಮಾಡಿ ಸಾ, ಬಾಯಿಗೆ ಹಾಕಿ ಸಾ" ಅಂತ ಬಡ್ಕಂಡೆ. ಅವರು ಹಾಕ್ಲಿಲ್ಲ. ತಾವೂ ಅದೇ ವ್ರತದಲ್ಲಿರೋರು, ಆಯಮ್ಮನ ಜಾಗದಲ್ಲಿ ತಾವಿದ್ರೂ ಅದನ್ನೇ ಹೇಳೋರು. ಕಲಸಿದ ಕೈ ಹಂಗೇ ಹಿಡ್ಕಂಡು ಕುಂತಿದ್ರು. ಆಯಮ್ಮನೇ ಸಮಾಧಾನ ಮಾಡಿದ್ರು. "ನೀನು ಊಟದ ಮಧ್ಯ ಎದ್ದು ಬಂದೆಯೇನೋ. ಅಯ್ಯೋ, ಇವತ್ತು ನಿನಗೂ ಅರ್ಧ ಹೊಟ್ಟೆ."

ಮಾರನೇ ದಿನ ಹೊತ್ತು ಹುಟ್ಟುವಾಗ್ಲೇ ಪಾತ್ರೆ ಹಿಡ್ಕಂಡು ಬಂದ್ರು ಧರಣಪ್ಪನೋರು. ಹೆಂಡ್ತೀನೂ ಬಂದಿದ್ರು, ಮನೇಗೆ ಕರ್ಕೊಂಡೋಗಾಕೆ, ಗಾಡಿ ತಂದಿದ್ರು. ನಾನು ಮೆಟ್ಲ ಮ್ಯಾಲೆ ಕುಂತಿದ್ದೆ. ನನ್ ಮುಖ ನೋಡಿ ಅವರಿಗೆ ಗೊತ್ತಾಯ್ತು.

ತಡಿ. ನೀರ್ ಕೊಡವ್ವ.

ಮಗ ಮಾಡ್ದಂಗೆ, ಬೆಂಕಿ ಇಡೋಗಂಟ ಎಲ್ಲಾ ಅವರೇ ಮಾಡಿದ್ರು. ಮುಖ ನೋಡಿದ್ರೂ ಗುರುತು ಸಿಕ್ಕಿರ್ಲಿಲ್ಲ ಅವರಿಗೆ, ಯಾವ ಮನೆಯೋರು ಅಂತ ಕೇಳಿದ್ರು ನನ್ನ. ಗೊತ್ತಿಲ್ಲ ಸಾ ಅಂದೆ. ಅರ್ಧ ಆಣೆನಾದ್ರೂ ಉಳೀಲಿ ಅಂತ. ಹೊಳೆ ದಂಡೇಲಿ ನಿಂತ್ಕಂಡು ಒಂದೇ ಮಾತು ಆಡಿದ್ರು ಅವರು. "ನಾನು ದಿನಾ ಉಂಡು ಬಂದು ಎದುರಿಗೆ ನಿಂತ್ಕೊಳ್ತಿದ್ದೆ ಕಣಯ್ಯ. ಗಂಜಿ ಬಟ್ಟಲು ನಾನೇ ಇಟ್ಟೆ." ಅವರಿಗಿಂತ ಒಳ್ಳೆ ಮನುಷ್ಯನ್ನ ನಾನು ಆ ಊರಲ್ಲಿ ನೋಡಿಲ್ಲ. ಆವತ್ತಿಂದ ಬಿಸಿಲಿರೋವಾಗ್ಲೇ ಒಲೆ ಹಚ್ಚೋಕೆ ಶುರು ಮಾಡಿದ್ರು. ಬಡಿಸಾಕೆ ಜನ ಇಲ್ದಿದ್ರೆ ಅವರೇ ಅಂಗಡಿ ಬಾಗ್ಲು ಹಾಕ್ಕಂಡು ಬರೋರು. ಎಲೆ ಮುಂದೆ ಬಗ್ಗಿ ಒಬ್ಬೊಬ್ಬರನ್ನೂ ಕೇಳೋರು, "ಇದು ಆಗ್ತದೇನಪ್ಪ, ಇದು ಸೇರ್ತದೇನಮ್ಮ" ಅಂತ. ಕೆಂಚ ನಗೋನು, ಬೀಗರ ಉಪಚಾರ ಅಂತ. ನಂಗೆ ನಗು ಬರ್ತಿರ್ಲಿಲ್ಲ.

ಊಟ ಕೊಡ್ರಿ, ಬ್ಯಾಡ ಅನ್ನಲ್ಲ. ಕೊಡೋ ಮುಂಚೆ ಪಕ್ಕದಲ್ಲಿ ಕುಂತ್ಕಂಡು ಒಂದು ಮಾತು ಕೇಳ್ರಿ, ಯಾವೊತ್ತಿಗೆ ಉಣ್ತೀರ, ಏನ್ ಉಣ್ತೀರ ಅಂತ. ಹೇಳ್ದಿದ್ರೆ ಮಾರನೇ ದಿನಾನೂ ಹೋಗಿ ಕುಂತ್ಕಳ್ರಿ. ಅಷ್ಟೇ. ಏಳ್ರಿ ಇನ್ನ.