ಕೆಂಪು ಮಾಸಿದೆ ಎಂದವಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ವರ್ಷವಿಡೀ ನನ್ನ ಬೈಗುಳ ಕೇಳಿಯೂ ಇವತ್ತು ನನ್ನ ಭಾಷಣಕ್ಕೆ ಬಂದು ಕುಳಿತಿರುವ ಸಭಿಕರೇ,

ಈ ಬೀಳ್ಕೊಡುಗೆ ಮೊದಲ ಸಾಲಿನಲ್ಲಿ ಕುಳಿತಿರುವ ನನ್ನ ಹೆಂಡತಿಗೆ. ಮಾತನಾಡಲು ನನ್ನನ್ನೇ ಕರೆದಿದ್ದೀರಿ. ಮನೆಯಲ್ಲಿ ಸಿಗದ ಅವಕಾಶ ಮೈಕಿನ ಮುಂದೆ ಸಿಕ್ಕಿದೆ. ಸುಮ್ಮನೆ ಬಿಡುವವನಲ್ಲ ನಾನು.

ನಾನು ಈ ಗಿರಣಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ವಿಭಾಗದ ಮೇಸ್ತ್ರಿ. ಅವಳು ಬಣ್ಣ ಪರೀಕ್ಷಿಸುವ ಕೋಣೆಯವಳು. ನಾನು ಅದ್ದಿ ತೆಗೆದ ಬಟ್ಟೆಯನ್ನು ದೀಪದ ಕೆಳಗೆ ಮಾದರಿ ತುಂಡಿನ ಪಕ್ಕದಲ್ಲಿಟ್ಟು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿ, ಸರಿಯೋ ತಪ್ಪೋ ಹೇಳುವುದು ಅವಳ ಕೆಲಸ. ಗಂಡನ ತಪ್ಪು ಹುಡುಕಿ ಅದಕ್ಕೆ ಸಂಬಳವನ್ನೂ ಪಡೆದ ಹೆಂಡತಿ ಬೇರೆಲ್ಲಾದರೂ ಇದ್ದಾಳೆಯೇ? ಅವಳು ಸರಿ ಎಂದ ಬಟ್ಟೆ ಎಂದಾದರೂ ವಾಪಸು ಬಂದದ್ದುಂಟೇ? ಉಂಟು, ಒಂದು ಸಲ ಬಂತು. ಅದನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅವಳಿಗೆ ಬಲಗಣ್ಣು ಹೊರಳಿಸಿದರೆ ನೋಯತೊಡಗಿತು. ನಿದ್ದೆಗೆಟ್ಟು ಹಾಗಾಗಿದೆ ಎಂದುಕೊಂಡೆವು. ಅದೇ ಸಮಯಕ್ಕೆ ಕೆಂಪು ಬಟ್ಟೆಗೆ ದೊಡ್ಡ ಆರ್ಡರು ಬಂತು. ಅವಳು ಮಾದರಿ ತುಂಡನ್ನು ಹಿಡಿದುಕೊಂಡು ನನ್ನ ಬಣ್ಣದ ತೊಟ್ಟಿಯ ಹತ್ತಿರ ಬಂದಳು.

"ರೀ, ಮಾದರೀನೇ ಮಾಸಿಹೋಗಿದೆ. ಇಟ್ಟಿಗೆ ಥರ ಕಾಣ್ತಿದೆ. ಮೊದಲಿನ ಕೆಂಪು ನನಗೆ ನೆನಪಿದೆ, ಹೊಸದು ಮಾಡೋಣ" ಎಂದಳು.

ಬೆಳಕೇ ಬೀಳದ ಡ್ರಾಯರಿನಲ್ಲಿ ಇಟ್ಟ ತುಂಡು ಮಾಸುವುದು ಹೇಗೆ ಎಂದು ನಾನು ಕೇಳಲಿಲ್ಲ. ಅವಳ ಕಣ್ಣಿನ ಮೇಲೆ ಅಷ್ಟು ನಂಬಿಕೆ. ನಾನು ಬಣ್ಣ ಏರಿಸುತ್ತಾ ಹೋದೆ, ಅವಳು ಇನ್ನೂ ಸ್ವಲ್ಪ ಎನ್ನುತ್ತಾ ಹೋದಳು. ಬಣ್ಣ ವಿಪರೀತ ಗಾಢವಾಯಿತೆಂದು ಇಡೀ ಸರಕು ವಾಪಸು ಬಂತು. ಆಗ ಅವಳು ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಿಂದ ಹಳೆಯ ಮಾದರಿಯನ್ನು ನೋಡಿದಳು. ಅದು ಮೊದಲಿನಷ್ಟೇ ಕೆಂಪಗಿತ್ತು.

ಡಾಕ್ಟರು ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ನರಗಳ ಮೇಲೆ ತಿರುಗಿಬೀಳುತ್ತದಂತೆ. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಕರೆಂಟಿನ ತಂತಿ ಇದ್ದ ಹಾಗೆ. ಮೊದಲು ಮೇಲಿನ ಹೊದಿಕೆ ಹಾಳಾಗುತ್ತದೆ, ಬರಬರುತ್ತಾ ಒಳಗಿನ ಎಳೆಗಳೇ ಸವೆಯುತ್ತವೆ. ಹೊದಿಕೆ ಅಷ್ಟಿಷ್ಟು ಸರಿಹೋಗಬಹುದು, ಸವೆದ ಎಳೆ ಮತ್ತೆ ಬೆಳೆಯುವುದಿಲ್ಲ. ಔಷಧಿಯಾಯಿತು, ನೋವು ಹೋಯಿತು. ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಗಳನ್ನು ಬಲಗಣ್ಣಿನಿಂದಲೇ ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿದಳು. ನಾನು ಕುಣಿಯುವುದೊಂದು ಬಾಕಿ.

"ಅಕ್ಷರ ಕಾಣತ್ತೆ ರೀ. ಕೆಂಪು ಮಾತ್ರ ಕೆಂಪಾಗಿಲ್ಲ" ಎಂದಳು.

ಅತ್ತು ಕರೆದು ಏನೂ ಮಾಡಲಿಲ್ಲ. ಎಡಗಣ್ಣಿನಲ್ಲಿ ಕೆಲಸ ಶುರು ಮಾಡಿದಳು, ನನ್ನ ತಪ್ಪುಗಳು ಮತ್ತೆ ಸಿಗತೊಡಗಿದವು.

ಮತ್ತೆ ಈಗ ಕೆಲಸ ಏಕೆ ಬಿಡುತ್ತಿದ್ದಾಳೆ ಎಂದು ಎಲ್ಲರೂ ಕೇಳುತ್ತಿದ್ದೀರಿ. ಸುಸ್ತು ಎಂದಳು. ಈ ಕಾಯಿಲೆಗೆ ಸುಸ್ತು ಇದ್ದದ್ದೇ. ನಾನೂ ತಡೆಯಲಿಲ್ಲ, ನಿಜ ಹೇಳಬೇಕೆಂದರೆ ನಿರಾಳವಾಯಿತು. ಏಕೆಂದರೆ ಕಳೆದ ತಪಾಸಣೆಯ ದಿನ ಅವಳು ಔಷಧಿ ತರಲು ಹೋಗಿದ್ದಾಗ ಡಾಕ್ಟರು ನನ್ನನ್ನು ಕರೆದು, ಎಡಗಣ್ಣಿನ ನರವೂ ಸದ್ದಿಲ್ಲದೆ ತೆಳುವಾಗುತ್ತಿದೆ, ಮನೆಯಲ್ಲಿ ನೀವೇ ಮೆಲ್ಲಗೆ ತಿಳಿಸಿ ಎಂದಿದ್ದರು. ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಗೊತ್ತಾಗುವ ಮೊದಲೇ ಕೆಲಸ ಬಿಟ್ಟರೆ ಒಳ್ಳೆಯದಲ್ಲವೇ ಎಂದು...

ಕ್ಷಮಿಸಿ. ಇದನ್ನು ಇಲ್ಲಿ ಹೇಳಬಾರದಿತ್ತು. ಮಾತಿನ ಭರದಲ್ಲಿ ಬಂದುಬಿಟ್ಟಿತು.

ಒಂದು ನಿಮಿಷ, ಸಭಿಕರೇ. ಅವಳು ಬೆಚ್ಚಿಬೀಳಲಿಲ್ಲ. ಅಳುತ್ತಲೂ ಇಲ್ಲ. ಗೊತ್ತು ಎನ್ನುವಂತೆ ತಲೆಯಾಡಿಸುತ್ತಿದ್ದಾಳೆ.

ಹಾಗಾದರೆ ಸುಸ್ತು ಎಂದದ್ದು? ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಹಿಡಿಯುವವಳಿಗೆ ತನ್ನ ಕಣ್ಣು ಬದಲಾದದ್ದು ತಿಳಿಯದೇ ಇರುತ್ತದೆಯೇ? ಇನ್ನೊಂದು ಸರಕು ಕೆಡುವ ಮೊದಲೇ ಕುರ್ಚಿ ಬಿಟ್ಟಿದ್ದಾಳೆ. ನಾನು ಹೆದರಿಯೇನೆಂದು ಸುಸ್ತಿನ ನೆಪ ಹೇಳಿದ್ದಾಳೆ. ಹೌದು, ನನಗೆ ಹೆದರಿಕೆಯಾಗಿದೆ. ಒಂದೇ ಮನೆಯಲ್ಲಿ, ಒಂದೇ ವಿಷಯವನ್ನು, ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಊಟ ಮಾಡುತ್ತಿದ್ದೆವು.

ಅಧ್ಯಕ್ಷರೇ, ಇನ್ನೂ ಬಹಳ ಹೇಳುವುದಿತ್ತು, ಬಿಡುತ್ತೇನೆ. ಮೊದಲ ಸಾಲಿನಲ್ಲಿ ಅವಳ ಪಕ್ಕದವರು ಎದ್ದು ನನಗೆ ಜಾಗ ಬಿಟ್ಟಿದ್ದಾರೆ, ಅವರಿಗೆ ವಿಶೇಷ ಧನ್ಯವಾದ. ಇಷ್ಟು ಹೊತ್ತು ಕೇಳಿದ ನಿಮಗೂ ಧನ್ಯವಾದ. ಉಳಿದದ್ದನ್ನು ಅವಳ ಹತ್ತಿರವೇ ಹೇಳುತ್ತೇನೆ. ನಮಸ್ಕಾರ.